ನಮ್ಮತ್ತೆ ಬರೆದ ಅಮೆರಿಕ

ನಮ್ಮತ್ತೆಗೆ ತಲೆ ಕೆಟ್ಟಿದೆ ಎಂದು ಚಿಂತಾಮಣಿಯಲ್ಲಿ ಮೂರು ಸಲ ತೀರ್ಮಾನವಾಗಿದೆ. ಮೊದಲನೆಯದು, ನಲವತ್ತನೆಯ ವಯಸ್ಸಿನಲ್ಲಿ ಅವರು ಲೇಡೀಸ್ ಸೈಕಲ್ಲೊಂದನ್ನು ಕೊಂಡು, ಬಿದ್ದು, ಎದ್ದು, ಮತ್ತೆ ಬಿದ್ದು, ಕೊನೆಗೆ ಅದರ ಮೇಲೆಯೇ ಕೈವಾರದ ಕಡೆಯ ತಮ್ಮ ಪ್ರೈಮರಿ ಶಾಲೆಗೆ ಹೋಗಿ ಬರತೊಡಗಿದಾಗ. ಎರಡನೆಯದು, ಮಳೆ ಬಂದ ಒಂದು ದಿನ ಸೈಕಲ್ ಬಿಟ್ಟು ಬಸ್ ಹತ್ತಿ, ಇಷ್ಟೇ ಜನ ಕೂರಬೇಕೆಂದು ಬಸ್ಸಿನಲ್ಲಿ ಬರೆದಿದ್ದನ್ನು ಓದಿ, ತಲೆ ಎಣಿಸಿ, ಹೆಚ್ಚಾದವರನ್ನೆಲ್ಲ ಇಳಿಸಲೇಬೇಕೆಂದು ಕಂಡಕ್ಟರ್ ಹತ್ತಿರ ಹಟ ಹಿಡಿದು, ಹೆಚ್ಚಾದವರಲ್ಲಿ ಮೊದಲನೆಯವರು ತಾವೇ ಎಂದು ಗೊತ್ತಾದ ಕೂಡಲೇ ಇಳಿದು ಮಳೆಯಲ್ಲಿ ನಡೆದುಕೊಂಡು ಬಂದಾಗ. ಮೂರನೆಯದು ಅಮೆರಿಕದ ದೆಸೆಯಿಂದ.

ಮೊದಲಿನ ಎರಡು ತೀರ್ಪುಗಳನ್ನು ಊರು ಕ್ರಮೇಣ ಮರೆಯಿತು. ಮೂರನೆಯದು ಇನ್ನೂ ಜಾರಿಯಲ್ಲಿದೆ. ಅದಕ್ಕೆ ನಾನೇ ಮುಖ್ಯ ಸಾಕ್ಷಿ. ಯಾಕೆಂದರೆ ಆ ಹುಚ್ಚಿನ ಒಂದೊಂದು ಅಕ್ಷರವನ್ನೂ ಟೈಪು ಮಾಡಿದವನು ನಾನು!

ಇದು ಎಂಬತ್ತರ ದಶಕದ ನಡುವಿನ ಮಾತು. ಚಿಂತಾಮಣಿ ಬಸ್‌ಸ್ಟ್ಯಾಂಡಿನ ಹತ್ತಿರ, ರಹೀಮ್ ಸಾಬರ ಕಾಗದ-ಪುಸ್ತಕದ ಅಂಗಡಿಯ ಮಹಡಿಯಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಐದು ಇಂಗ್ಲಿಷ್ ಮಿಷನ್ನು, ಒಂದು ಕನ್ನಡ ಮಿಷನ್ನು. ಇಂಗ್ಲಿಷ್ ಮಿಷನ್ನುಗಳ ಮುಂದೆ ಸದಾ ಕ್ಯೂ. ಕನ್ನಡದ್ದರ ಮುಂದೆ ನಾನೊಬ್ಬನೇ. ಇಂಥ ಹೊತ್ತಿನಲ್ಲಿ ಒಂದು ದಿನ ಅತ್ತೆ ಸೈಕಲ್ಲನ್ನು ಸಾಬರ ಅಂಗಡಿಯ ಬೋರ್ಡಿಗೇ ಒರಗಿಸಿ, ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ ಹೇಳಿದರು:

"ಮಗಾ, ಮಿಷನ್ ಒರೆಸಿಟ್ಕೊ. ನಾವು ಅಮೆರಿಕಕ್ಕೆ ಹೋಗ್ತಾ ಇದೀವಿ."

ಅತ್ತೆ ನಮ್ಮಪ್ಪನ ಅಕ್ಕ. ಅಪ್ಪನಿಗಿಂತ ಐದು ವರ್ಷ ದೊಡ್ಡವರು. ಅಂಚೆಯ ಮೂಲಕವೇ ಬಿ.ಎ. ಮಾಡಿಕೊಂಡು, ಅಂಚೆಯ ಮೂಲಕವೇ ಎಂ.ಎ. ಇತಿಹಾಸಕ್ಕೂ ಕಟ್ಟಿದ್ದರು. ಕೊನೆಯ ವರ್ಷದಲ್ಲಿ ಒಂದು ಸಂಶೋಧನಾ ಪ್ರಬಂಧ ಬರೆಯಬೇಕಿತ್ತು. ವಿಷಯಗಳ ಪಟ್ಟಿ ಬಂದಿತ್ತು. ಹೊಯ್ಸಳರು, ಗಂಗರು, ವಿಜಯನಗರ, ನಮ್ಮ ಸೀಮೆಯ ಪಾಳೆಯಗಾರರು, ಎಲ್ಲರೂ ಇದ್ದರು. ಅದನ್ನೆಲ್ಲ ಬಿಟ್ಟು ಈ ಮಹಾತಾಯಿ ಆರಿಸಿಕೊಂಡಿದ್ದು 'ಅಮೆರಿಕದ ಮೊದಲ ವಲಸೆಗಾರರ ಜೀವನ'.

"ಅಲ್ಲ ಅತ್ತೆ, ವಿಜಯನಗರ ತಗೊಂಡಿದ್ರೆ ಆಗ್ತಿರ್ಲಿಲ್ವಾ? ಹಂಪೀನಾದ್ರೂ ನೋಡ್ಕೊಂಡು ಬರ್ಬೋದಿತ್ತು."

"ಎಲ್ರೂ ವಿಜಯನಗರಕ್ಕೇ ನುಗ್ತಾರೆ ಕಣೋ. ಕಾಲಿಡೋಕೆ ಜಾಗ ಇಲ್ಲ. ಅಮೆರಿಕದಲ್ಲಿ ಬೇಕಾದಷ್ಟು ಜಾಗ ಇದೆ!"

ಹೀಗೆ ಶುರುವಾಯಿತು. ಅವರು ರಜಾದಿನಗಳಲ್ಲಿ ಬೆಂಗಳೂರಿಗೆ ಹೋಗಿ ಲೈಬ್ರರಿಯಲ್ಲಿ ಕೂತು ದಪ್ಪ ದಪ್ಪ ಪುಸ್ತಕ ಓದಿ ಟಿಪ್ಪಣಿ ಮಾಡಿಕೊಂಡು ಬರುವುದು, ನಾನು ಅದನ್ನು ಮೂರು ಪ್ರತಿ ಬರುವಂತೆ ಕಾರ್ಬನ್ ಇಟ್ಟು ಟೈಪು ಮಾಡುವುದು. ಕೇಳಲು ಸುಲಭ. ಆದರೆ ಆ ದೇಶದವರು ಊರುಗಳಿಗೆ ಹೆಸರಿಡುವಾಗ ಕನ್ನಡ ಟೈಪ್‌ರೈಟರನ್ನು ಗಮನದಲ್ಲಿಟ್ಟುಕೊಂಡಿರಲಿಲ್ಲ. 'ಮ್ಯಾಸಚೂಸೆಟ್ಸ್' ಎಂದು ಒಂದು ಸಲ ಹೊಡೆದರೆ ಒತ್ತಕ್ಷರದ ಕಡ್ಡಿಗಳು ಒಂದರ ಮೇಲೊಂದು ಬಿದ್ದು ಸಿಕ್ಕಿಹಾಕಿಕೊಳ್ಳುತ್ತಿದ್ದವು. ನಾನು ಬೆರಳು ಹಾಕಿ ಬಿಡಿಸಬೇಕು. ಬೆರಳೆಲ್ಲ ಮಸಿ. ನಾಲ್ಕನೆಯ ಸಲ ಹೀಗಾದಾಗ ಅತ್ತೆಗೇ ಕನಿಕರ ಬಂತು.

"ಹೋಗ್ಲಿ ಬಿಡು, 'ಆ ಪ್ರಾಂತ್ಯ' ಅಂತ ಹೊಡಿ. ಅವ್ರಿಗೇನು ಗೊತ್ತಾಗಲ್ಲ."

ಅತ್ತೆಗೆ ಒಂದು ಗುಣವಿತ್ತು. ಗುಣವೋ ರೋಗವೋ, ಓದುಗರೇ ಹೇಳಬೇಕು. ಪುಸ್ತಕದಲ್ಲಿ ಓದಿದ್ದನ್ನು ಅವರು ಹಾಗೇ ನಂಬುತ್ತಿರಲಿಲ್ಲ. ಮಾಡಿ ನೋಡಬೇಕು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಹೊರಟ ಒಂದು ಹಡಗಿನಲ್ಲಿ ನೂರೆರಡು ಜನ ಅರವತ್ತಾರು ದಿನ ಪ್ರಯಾಣ ಮಾಡಿದರು ಎಂದು ಓದಿದರಂತೆ. ನೀವು ನಾವಾದರೆ ಏನು ಮಾಡುತ್ತೇವೆ? "ಪಾಪ" ಎಂದು ಪುಟ ತಿರುಗಿಸುತ್ತೇವೆ. ಅತ್ತೆ ಒಂದು ಬಕೆಟ್ ಸುಣ್ಣದ ಪುಡಿ ತರಿಸಿ, ಶಾಲೆಯ ಮೈದಾನದಲ್ಲಿ ಸುಮಾರು ನೂರಡಿ ಉದ್ದ, ಇಪ್ಪತ್ತೈದು ಅಡಿ ಅಗಲದ ಹಡಗು ಬರೆದರು! ಅದರೊಳಗೆ ಸಾಮಾನಿಗೆ, ನಾವಿಕರಿಗೆ, ಫಿರಂಗಿಗೆ ಎಂದು ಜಾಗ ಕಳೆದು, ಉಳಿದ ಚೂರು ಜಾಗದಲ್ಲಿ ಜನ ತುಂಬಿಸತೊಡಗಿದರು. ಶಾಲೆಯ ಮಕ್ಕಳು, ಜೊತೆಯ ಇಬ್ಬರು ಟೀಚರುಗಳು, ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಕೈವಾರದ ಯಾತ್ರಿಕರು, ಎಲ್ಲ ಸೇರಿ ನೂರೆರಡಾದರು.

ಆಗಲೇ ಬರಬೇಕೆ ಇನ್‌ಸ್ಪೆಕ್ಟರ್! ಶಾಲೆ ತಪಾಸಣೆಗೆಂದು ಮೋಟರ್‌ಸೈಕಲ್ಲಿನಲ್ಲಿ ಬಂದವರು ನೋಡುತ್ತಾರೆ: ತರಗತಿಗಳೆಲ್ಲ ಖಾಲಿ, ಮೈದಾನದ ಮಧ್ಯೆ ಒಂದು ಜಾತ್ರೆಯಷ್ಟು ಜನ ಒಬ್ಬರ ಮೇಲೊಬ್ಬರು ಕೂತಿದ್ದಾರೆ.

"ಏನ್ರೀ ಟೀಚರ್ ಇದು?"

"ಹಡಗು ಸಾರ್."

"ಹಡಗಾ? ಎಲ್ಲಿದೆ ಹಡಗು?"

"ಹಿಂದೆ ಸರೀರಿ ಸಾರ್, ನೀವು ನಿಂತಿರೋದು ಸಮುದ್ರದಲ್ಲಿ."

ಇನ್‌ಸ್ಪೆಕ್ಟರು ಗಾಬರಿಯಲ್ಲಿ ನಿಜಕ್ಕೂ ಎರಡು ಹೆಜ್ಜೆ ಹಿಂದೆ ಸರಿದರಂತೆ. ಆಮೇಲೆ ಅವರಿಗೂ ಕುತೂಹಲವಾಗಿ, "ನಾನೂ ಕೂತು ನೋಡ್ಲಾ?" ಎಂದರೆ, "ಆಗಲ್ಲ ಸಾರ್. ನೂರೆರಡೇ. ಇತಿಹಾಸ ತಿದ್ದೋಕೆ ಆಗಲ್ಲ" ಎಂದುಬಿಟ್ಟರು ಅತ್ತೆ! ಹಡಗು ಮುಕ್ಕಾಲು ಗಂಟೆ ನಡೆಯಿತು. ಅಷ್ಟರಲ್ಲಿ ಮೂರು ಜಗಳ, ಐದು ಅಳು, ಒಂದನೇ ಕ್ಲಾಸಿನ ಮಗುವೊಂದರ ಚಡ್ಡಿ ಒದ್ದೆ. ಯಾತ್ರಿಕರಲ್ಲಿ ಒಬ್ಬರು ಹೇಳದೆ ಕೇಳದೆ ನಡುಸಮುದ್ರದಲ್ಲಿ ಎದ್ದು ಹೋದರು. ಅತ್ತೆ ಅದನ್ನೆಲ್ಲ ಬರೆದುಕೊಂಡು ಬಂದು ನನ್ನ ಮುಂದಿಟ್ಟರು. "ಮುಕ್ಕಾಲು ಗಂಟೆಗೇ ಹಿಂಗಾದ್ರೆ ಅರವತ್ತಾರು ದಿನ ಹೆಂಗಿದ್ದಿರ್ಬೇಕು ಲೆಕ್ಕ ಹಾಕು. ಒಂದನೇ ಅಧ್ಯಾಯ, ಹೊಡಿ!"

ಸುದ್ದಿ ಕೇಳಿ ಅಪ್ಪ ತಲೆ ಚಚ್ಚಿಕೊಂಡರು. ಅಪ್ಪ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತರು. ದಿನಾ ಅಲ್ಲಿಗೆ ಹೋಗಿಬರುವ ಬಸ್ಸಿನಲ್ಲಿ ಯಾರಾದರೂ ಒಬ್ಬರು "ಏನ್ಸಾರ್, ಹಡಗು ಎಲ್ಲೀಗ್ ಬಂತು?" ಎಂದು ಕೇಳದೆ ಬಿಡುತ್ತಿರಲಿಲ್ಲ. "ನಮ್ಮಕ್ಕ ಮೊದ್ಲಿಂದಲೂ ಹಂಗೇ" ಎಂದು ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು.

ಎರಡನೆಯ ಅಧ್ಯಾಯಕ್ಕೆ ಬಲಿಯಾದವರು ಮಾವ. ಅತ್ತೆಯ ಗಂಡ. ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಸಾಧು ಮನುಷ್ಯ. ಮನೆಮಾತು ತೆಲುಗು. ಸಂತೋಷವಾದಾಗ ಕನ್ನಡ, ಸಂಕಟವಾದಾಗ ತೆಲುಗು ಮಾತಾಡುತ್ತಿದ್ದರು. ಆ ವರ್ಷ ಅವರು ಹೆಚ್ಚಾಗಿ ತೆಲುಗೇ ಮಾತಾಡಿದರು.

ಆದದ್ದಿಷ್ಟು. ಟೊಮೇಟೊ, ಆಲೂಗಡ್ಡೆ, ಕಡಲೇಕಾಯಿ, ಮುಸುಕಿನ ಜೋಳ, ಸೀಬೆಹಣ್ಣು, ಕೊನೆಗೆ ಮೆಣಸಿನಕಾಯಿ ಕೂಡ ಅಮೆರಿಕದ ಕಡೆಯಿಂದ ಬಂದದ್ದು, ಕೊಲಂಬಸ್ ಅತ್ತ ಹೋಗಿ ಬರುವ ತನಕ ನಮ್ಮ ದೇಶದಲ್ಲಿ ಅವು ಇರಲೇ ಇಲ್ಲ ಎಂದು ಅತ್ತೆಗೆ ಲೈಬ್ರರಿಯಲ್ಲಿ ಗೊತ್ತಾಯಿತು. ಟೊಮೇಟೊ ಮಂಡಿಯ ಊರಿನ ಹೆಂಗಸಿಗೆ ಇದು ಸಣ್ಣ ಆಘಾತವೇ? ಮೊದಲು ಅವರು ಮಂಡಿಗೆ ಹೋಗಿ ವ್ಯಾಪಾರಿಗಳಿಗೆಲ್ಲ ವಿಷಯ ತಿಳಿಸಿದರು. ಒಬ್ಬಾತ ಕ್ರೇಟಿನ ಮೇಲೆ ಕೂತಿದ್ದವನು, "ಅಮೆರಿಕದ್ದಲ್ಲ ಟೀಚರಮ್ಮ, ಶ್ರೀನಿವಾಸಪುರದ್ದು. ಬೆಳಗ್ಗೆ ನಾನೇ ಇಳಿಸ್ಕೊಂಡಿದ್ದು" ಎಂದು ಸ್ಪಷ್ಟಪಡಿಸಿದನು. ಅಲ್ಲಿಂದ ಮನೆಗೆ ಬಂದವರೇ ಅತ್ತೆ ಘೋಷಿಸಿಬಿಟ್ಟರು: ಒಂದು ವಾರ ಮನೆಯಲ್ಲಿ ಕೊಲಂಬಸ್ ಬರುವ ಮುಂಚಿನ ಊಟ!

ಮೊದಲ ದಿನ ಮುದ್ದೆ, ಅವರೆಕಾಳಿನ ಸಾರು, ಮೆಣಸಿನಕಾಯಿಯ ಬದಲು ಕರಿಮೆಣಸು. ಮಾವ ಸುಮ್ಮನೆ ಉಂಡರು. ಎರಡನೆಯ ದಿನ ಸೊಪ್ಪಿನ ಬಸ್ಸಾರು, ಕರಿಮೆಣಸು. ಮಾವ ಕೆಮ್ಮಿದರು. ಮೂರನೆಯ ದಿನ ಹುರುಳಿಕಾಳು, ಕರಿಮೆಣಸು. ಮಾವನ ಸ್ಥಿತಿ ಯೋಚಿಸಿ! ಬೆಳಗಿನಿಂದ ಸಂಜೆಯ ತನಕ ಊರಿನವರ ಒಣಮೆಣಸಿನಕಾಯಿಯನ್ನೆಲ್ಲ ಪುಡಿ ಮಾಡಿಕೊಡುವ ಮನುಷ್ಯ. ತಲೆಕೂದಲಿನಿಂದ ಕಾಲಿನವರೆಗೆ ಖಾರದ ಘಾಟು. ತಟ್ಟೆಯಲ್ಲಿ ಮಾತ್ರ ಇಲ್ಲ. ನಾಲ್ಕನೆಯ ದಿನ ಅವರು ತಟ್ಟೆಯ ಮುಂದೆ ಕೂತು, ಸಾರಿನ ಬಣ್ಣ ನೋಡಿ, ಮೆಲ್ಲಗೆ ಕೇಳಿದರು:

"ಏಮೇ, ಕೊಲಂಬಸ್ ಇಂಕಾ ರಾಲೇದಾ?" ಇನ್ನೂ ಬರಲಿಲ್ಲವೇನೇ ಎಂದು!

"ಇನ್ನೂ ಮೂರು ದಿನ ಇದೆ. ತಿನ್ನಿ."

ಐದನೆಯ ದಿನ ಮಧ್ಯಾಹ್ನ ಮಾವ ಗಿರಣಿಗೆ ಬೀಗ ಹಾಕಿ, ಸಂತೆಗೆ ಹೋಗಿ, ಒಂದು ಚೀಲದ ತುಂಬ ಹಸಿಮೆಣಸಿನಕಾಯಿ ಹೊತ್ತು ತಂದು ಅಡುಗೆಮನೆಯ ನಡುವೆ ಸುರಿದರು. "ಬಂದ ನೋಡು ಕೊಲಂಬಸ್! ಎರಡು ದಿನ ಮುಂಚೆನೇ ಬಂದ, ಗಾಳಿ ಚೆನ್ನಾಗಿತ್ತಂತೆ!" ಎಂದರು. ಕನ್ನಡದಲ್ಲೇ.

ಈ ಅಧ್ಯಾಯಗಳನ್ನೆಲ್ಲ ಕೆಳಗಿನ ಅಂಗಡಿಯ ರಹೀಮ್ ಸಾಬರು ತಪ್ಪದೆ ಕೇಳುತ್ತಿದ್ದರು. ಕಾರ್ಬನ್ ಕಾಗದ ಕೊಡುವ ನೆಪದಲ್ಲಿ ಮೇಲೆ ಬಂದರೆ, ಸ್ಟೂಲು ಎಳೆದುಕೊಂಡು ಕೂತೇಬಿಡುವರು. ಒಂದು ದಿನ ಅತ್ತೆ, "ಹಸಿವಿನಿಂದ ಸಾಯುತ್ತಿದ್ದ ವಲಸೆಗಾರರಿಗೆ ಇಂಡಿಯನ್ನರು ಮುಸುಕಿನ ಜೋಳ ಬೆಳೆಯಲು ಕಲಿಸಿದರು" ಎಂದು ಹೇಳಿ ಬರೆಸುತ್ತಿದ್ದಾಗ ಸಾಬರು ಎದ್ದು ನಿಂತರು.

"ನಮ್ಮೋರಾ ಟೀಚರಮ್ಮಾ?"

"ಅಲ್ಲ ಸಾಬ್. ಅಲ್ಲೀನೋರೇ. ಕೊಲಂಬಸ್ ನಮ್ಮ ದೇಶಕ್ಕೆ ಅಂತ ಹೊರಟು, ದಾರಿ ತಪ್ಪಿ ಅಲ್ಲಿಗೆ ಹೋಗಿ, ಅಲ್ಲಿರೋರಿಗೆ ನಮ್ಮ ಹೆಸರಿಟ್ಟ."

"ಅರೆ! ಅಡ್ರೆಸ್ ತಪ್ಪಿದೆ ಅಂತ ಆಮೇಲೆ ಗೊತ್ತಾಯ್ತಲ್ಲ? ಹೆಸರು ತಿದ್ದಲಿಲ್ವಾ?"

"ಇಲ್ಲ."

"ಅವ್ರು ಜೋಳ ಕೊಟ್ರು, ಅನ್ನ ಹಾಕಿದ್ರು. ಇವ್ರು ಹೆಸರೂ ಸರಿಯಾಗಿ ಕೇಳಲಿಲ್ಲ. ಆಮೇಲೆ ಏನ್ ಮಾಡಿದ್ರು?"

"ಜಮೀನು ಕಿತ್ಕೊಂಡ್ರು."

ಸಾಬರು ಸ್ಟೂಲಿನ ಮೇಲೆ ಮತ್ತೆ ಕೂತರು. ಅತ್ತೆ ನನ್ನ ಕಡೆ ತಿರುಗಿ, "ಮಗಾ, ಇಂಡಿಯನ್ನರು ಅಂತ ಎಲ್ಲೆಲ್ಲಿ ಹೊಡ್ದಿದೀಯೋ ಅಲ್ಲೆಲ್ಲ ಬಿಳಿ ಹಚ್ಚಿ ಮೂಲನಿವಾಸಿಗಳು ಅಂತ ಮಾಡು" ಎಂದರು. ಮೂರು ಪ್ರತಿಯಲ್ಲೂ! ನ್ಯಾಯ ಅಮೆರಿಕದವರಿಗೆ ಸಿಕ್ಕಿತು, ಬೆನ್ನುನೋವು ನನಗೆ ಬಂತು.

ಆ ಜೋಳದ ವಿಷಯ ಅಲ್ಲಿಗೇ ನಿಲ್ಲಲಿಲ್ಲ. ಮೂಲನಿವಾಸಿಗಳು ಜೋಳದ ಬೀಜ ಹಾಕುವಾಗ ಗುಣಿಯಲ್ಲಿ ಮೀನು ಹೂಳಬೇಕು, ಅದೇ ಗೊಬ್ಬರ ಎಂದು ಹೇಳಿಕೊಟ್ಟರಂತೆ. ಓದಿದ್ದೇ ತಡ, ಅತ್ತೆಗೆ ಮಾಡಿ ನೋಡಬೇಕು. ನಮ್ಮದೋ ಮೊಟ್ಟೆ ಕೂಡ ಹೊಸಿಲು ದಾಟದ ಮನೆ. ಯಾರಿಗೂ ಹೇಳದೆ ಅತ್ತೆ ಸಾಬರನ್ನು ಹಿಡಿದರು. ಮಾರನೆಯ ದಿನ ಸಾಬರು ನ್ಯೂಸ್‌ಪೇಪರಿನಲ್ಲಿ ಸುತ್ತಿದ ಹತ್ತು ಕೆರೆಮೀನು ತಂದುಕೊಟ್ಟರು. ಕೊಡುವಾಗ ಬಹಳ ಗೌರವದಿಂದ, ದನಿ ತಗ್ಗಿಸಿ ಕೇಳಿದರು:

"ಮಾಡೋಕೆ ಬರುತ್ತಾ ಟೀಚರಮ್ಮಾ? ಮಸಾಲೆ ಮನೇಲಿ ಕೇಳಿ ಬರೆದುಕೊಡ್ಲಾ?"

"ತಿನ್ನೋಕಲ್ಲ ಸಾಬ್. ಹೂಳೋಕೆ."

ಸಾಬರು ಅತ್ತೆಯ ಮುಖ ನೋಡಿದರು, ಮೀನಿನ ಮುಖ ನೋಡಿದರು. "ನಿಮ್ಗೆ ಏನಾಗ್ಬೇಕು ಅದು?" ಎಂದರು.

ಹಿತ್ತಲಿನಲ್ಲಿ ಹತ್ತು ಗುಣಿಗೆ ಮೀನು ಹಾಕಿ, ಹತ್ತು ಗುಣಿಗೆ ಹಾಕದೆ ಜೋಳ ಬಿತ್ತಿದರು. ಮಧ್ಯಾಹ್ನದ ಹೊತ್ತಿಗೆ ಚಿಂತಾಮಣಿಯ ಬೆಕ್ಕುಗಳಿಗೆಲ್ಲ ಆಮಂತ್ರಣ ತಲುಪಿತ್ತು. ಕಾಂಪೌಂಡಿನ ಮೇಲೆ ಸಾಲಾಗಿ ಕೂತಿದ್ದವು, ಪಂಕ್ತಿಯಲ್ಲಿ ಎಲೆ ಹಾಕಲು ಕಾದು ಕೂತವರ ಹಾಗೆ! ಅತ್ತೆ ಕೋಲು ಹಿಡಿದು ಎರಡು ದಿನ ಕಾದರು. ಮೂರನೆಯ ದಿನ ಶಾಲೆಗೆ ಹೋಗಿಬರುವಷ್ಟರಲ್ಲಿ ಹತ್ತು ಗುಣಿಯೂ ಬಗೆದು, ಮೀನೂ ಇಲ್ಲ, ಬೀಜವೂ ಇಲ್ಲ. ಮೀನಿಲ್ಲದ ಹತ್ತು ಗುಣಿಯ ಜೋಳ ಮಾತ್ರ ಸೊಂಪಾಗಿ ಬಂತು. ಅತ್ತೆ ಸತ್ಯಕ್ಕೆ ತಪ್ಪುವವರಲ್ಲ. "ಚಿಂತಾಮಣಿಯ ಪ್ರಯೋಗದಲ್ಲಿ ಮೀನಿಲ್ಲದ ಜೋಳವೇ ಚೆನ್ನಾಗಿ ಬಂದಿತು. ಬೆಕ್ಕುಗಳೂ ಚೆನ್ನಾಗಿ ಬಂದವು" ಎಂದು ಬರೆಸಿದರು. ಇದು ಎಂ.ಎ. ಪ್ರಬಂಧ ಸ್ವಾಮಿ!

ಅಂತೂ ಮೊದಲ ಕರಡು ತಯಾರಾಗಿ, ಬೆಂಗಳೂರಿನ ಗೈಡ್ ಮೇಷ್ಟ್ರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಯಿತು. ಹದಿನೈದು ದಿನಕ್ಕೆ ಹಿಂದಿರುಗಿ ಬಂತು. ಬಿಚ್ಚಿದರೆ, ಒಳಗೆ ರಕ್ತಪಾತ! ಪುಟಪುಟಕ್ಕೂ ಕೆಂಪು ಶಾಯಿ. ಹಡಗಿನ ಪಕ್ಕ 'ಅನಗತ್ಯ'. ಮಾವನ ಊಟದ ಪಕ್ಕ 'ಇದೇನು?' ಬೆಕ್ಕುಗಳ ಪಕ್ಕ ಎರಡು ಗೆರೆ ಎಳೆದು, ಏನು ಬರೆಯಬೇಕೆಂದು ತೋಚದೆ ಬಿಟ್ಟಂತಿತ್ತು. ಮಿಕ್ಕ ಕಡೆಯಲ್ಲೆಲ್ಲ ಒಂದೇ ಪದ: 'ಆಧಾರ?' ಜೊತೆಗೊಂದು ಕಾಗದ. ತಿಂಗಳೊಳಗೆ ತಿದ್ದಿ ಕೊಡದಿದ್ದರೆ ಈ ವರ್ಷ ಪ್ರಬಂಧ ಸ್ವೀಕರಿಸುವುದಿಲ್ಲ. ಹೋದ ವರ್ಷವೂ ಕೊಟ್ಟಿಲ್ಲವಾದ್ದರಿಂದ, ಈ ಸಲ ತಪ್ಪಿದರೆ ಹೆಸರು ಹೊಡೆದುಹಾಕುತ್ತಾರೆ.

ಅತ್ತೆ ಮೂರು ದಿನ ಮಾತು ಬಿಟ್ಟರು. ಇದು ನಮ್ಮ ವಂಶದ ದಾಖಲೆ. ನಾಲ್ಕನೆಯ ದಿನ ಬಂದು, "ಸರಿ, ತೆಗಿಯೋಣ" ಎಂದರು. ಹಡಗು ಹೋಯಿತು. ಟೊಮೇಟೊ ಮಂಡಿ ಹೋಯಿತು. ಕೊಲಂಬಸ್ಸಿಗೆ ಮುಂಚಿನ ಸಾರು ಹೋಯಿತು. ಬೆಕ್ಕುಗಳನ್ನು ಬಿಡುವಾಗ ಮಾತ್ರ, "ನೋಡು, ಅದು ನಿಜವಾಗ್ಲೂ ನಡ್ದಿದ್ದು" ಎಂದು ಒಂದು ಸಲ ಗೊಣಗಿದರು. ಒಂದೊಂದು ಮಾತಿಗೂ ಪುಸ್ತಕ, ಪುಟಸಂಖ್ಯೆ ಹಾಕಿ, ಅಡಿಟಿಪ್ಪಣಿ ಜೋಡಿಸಿ, ಇಡೀ ಪ್ರಬಂಧವನ್ನು ಹೊಸದಾಗಿ ಹೊಡೆದೆವು. ಈಗದು ಯಾರು ಬರೆದದ್ದು ಬೇಕಾದರೂ ಆಗಿರಬಹುದಿತ್ತು. ಅಷ್ಟು ಚೆನ್ನಾಗಿತ್ತು, ಅಷ್ಟು ಬೇಜಾರಾಗಿತ್ತು.

ಎರಡನೆಯ ಸಲ ಹಿಂದಿರುಗಿ ಬಂದಾಗ ಇಡೀ ಪ್ರಬಂಧದಲ್ಲಿ ಕೆಂಪು ಗುರುತು ಒಂದೇ ಒಂದು. ಮೊದಲ ಚಳಿಗಾಲದ ಅಧ್ಯಾಯ. ಬಂದವರಲ್ಲಿ ಅರ್ಧದಷ್ಟು ಜನ ಆ ಚಳಿಗಾಲ ಕಳೆಯುವಷ್ಟರಲ್ಲಿ ತೀರಿಕೊಂಡರು. ಮಕ್ಕಳಲ್ಲಿ ಎಷ್ಟೋ ಮಂದಿ ಉಳಿದರು, ಆದರೆ ಹದಿನೆಂಟು ಮಂದಿ ಗೃಹಿಣಿಯರಲ್ಲಿ ವಸಂತ ಕಂಡವರು ನಾಲ್ಕೈದು ಮಂದಿ. ಇಷ್ಟಕ್ಕೂ ಆಧಾರವಿತ್ತು. ಅದರ ಕೆಳಗೆ ಅತ್ತೆ ಒಂದು ಸಾಲು ಸೇರಿಸಿದ್ದರು: "ತಾಯಂದಿರು ತಮ್ಮ ಪಾಲಿನ ಊಟವನ್ನು ಮಕ್ಕಳಿಗೆ ಕೊಟ್ಟು, ತಾವು ಉಂಡೆವೆಂದು ಹೇಳಿರಬೇಕು." ಮೇಷ್ಟ್ರು ಅದರ ಪಕ್ಕ ಬರೆದಿದ್ದರು: 'ಇದಕ್ಕೆ ಆಧಾರ ಕೊಡಿ, ಇಲ್ಲವೇ ತೆಗೆಯಿರಿ. ಹೀಗೇ ಇದ್ದರೆ ಸಹಿ ಹಾಕಲಾರೆ.'

ಕೊನೆಯ ದಿನಾಂಕಕ್ಕೆ ಇನ್ನು ಒಂಬತ್ತು ದಿನವಿತ್ತು. ನಾನು ತಪ್ಪು ಅಳಿಸುವ ಬಿಳಿಯ ಬಾಟಲಿ ತೆಗೆದೆ.

"ಒಂದೇ ಸಾಲು ಅತ್ತೆ. ಎರಡು ನಿಮಿಷದ ಕೆಲಸ."

"ತೆಗಿಯಲ್ಲ."

"ಬೆಕ್ಕನ್ನೇ ತೆಗೆದ್ರಿ! ಇದೇನು ಮಹಾ?"

"ತೆಗಿಯಲ್ಲ ಅಂದ್ನಲ್ಲ."

"ಹಂಗಾದ್ರೆ ಆಧಾರ ಕೊಡಿ. ಯಾವ ಪುಸ್ತಕದಲ್ಲಿ ಓದಿದ್ರಿ?"

"ಓದಿಲ್ಲ ಕಣೋ," ಎಂದರು ಅತ್ತೆ. "ನೋಡಿದೀನಿ."

ಇನ್ನೇನು ಮತ್ತೊಂದು ಪ್ರಯೋಗದ ಕಥೆ ಬರುತ್ತದೆ ಎಂದು ನಾನು ನಗಲು ಸಿದ್ಧನಾದೆ. ಅತ್ತೆ ಕಿಟಕಿಯಾಚೆ, ಬಸ್‌ಸ್ಟ್ಯಾಂಡಿನ ಕಡೆ ನೋಡುತ್ತಿದ್ದರು.

"ಗೌರಿಬಿದನೂರಲ್ಲಿದ್ವಿ. ಒಂದೇ ರೂಮಿನ ಮನೆ. ರೇಷನ್ ಕಾಲ. ನಮ್ಮಪ್ಪ ಕೆಲಸ ಹುಡ್ಕೊಂಡು ಬೆಂಗಳೂರಿಗೆ ಹೋದೋರು, ಕಾಗದ ಇಲ್ಲ, ಸುದ್ದಿ ಇಲ್ಲ. ನಂಗೆ ಏಳು ವರ್ಷ, ನಿಮ್ಮಪ್ಪಂಗೆ ಎರಡು. ಅಮ್ಮ ನಮ್ಮಿಬ್ರಿಗೂ ಮುದ್ದೆ ಹಾಕೋಳು. 'ನೀನಮ್ಮ?' ಅಂದ್ರೆ, 'ನಂದು ಆಗ್ಲೇ ಆಯ್ತಮ್ಮ, ನೀವು ತಿನ್ನಿ' ಅನ್ನೋಳು. ದಿನಾ. ಪಾತ್ರೆ ತೊಳೀತಿದ್ದೋಳು ನಾನು ಕಣೋ. ತೊಳೆಯೋಕೆ ಬೀಳ್ತಿದ್ದಿದ್ದು ಎರಡೇ ತಟ್ಟೆ."

ನಾನು ಬಿಳಿಯ ಬಾಟಲಿಯ ಮುಚ್ಚಳ ಹಾಕಿದೆ.

"ಏಳು ವರ್ಷದೋಳಿಗೆ ಎರಡು ಎಣಿಸೋಕೆ ಬರಲ್ವಾ? ಗೊತ್ತಿತ್ತು. ಗೊತ್ತಿದ್ದೂ ತಿಂದೆ. ಹಸಿವು. ಯುಗಾದಿಗೆ ಮುಂಚೆ ಅವಳಿಗೆ ಜ್ವರ ಬಂತು, ನಾಲ್ಕು ದಿನಕ್ಕೆ ಹೋದ್ಲು. ಎಲ್ರೂ ಜ್ವರ ಅಂದ್ರು. ಅಮೆರಿಕದಲ್ಲೂ ಹಂಗೇ ಬರ್ದಿದಾರೆ, ಕಾಯಿಲೆ ಅಂತ." ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ನಿಮ್ಮಪ್ಪಂಗೆ ಹೇಳ್ಬೇಡ. ಎರಡು ವರ್ಷದ ಕೂಸು, ಅವನಿಗೇನು ಗೊತ್ತು? ಸುಮ್ನೆ ಕೊರಗ್ತಾನೆ."

ಆಮೇಲೆ ಅವರು ಹೇಳಿದಂತೆ ನಾನು ಆ ಸಾಲಿನ ತಲೆಯ ಮೇಲೆ ಒಂದು ಅಂಕಿ ಹಾಕಿ, ಪುಟದ ಅಡಿಯಲ್ಲಿ ಟಿಪ್ಪಣಿ ಹೊಡೆದೆ: 'ಆಧಾರ: ನಮ್ಮಮ್ಮ.'

ಅಂಚೆಯನ್ನು ನಂಬದೆ ನಾವಿಬ್ಬರೇ ಬೆಂಗಳೂರಿಗೆ ಹೋದೆವು. ಗೈಡ್ ಮೇಷ್ಟ್ರು ತೆಳ್ಳಗಿನ, ಬಿಗಿಮುಖದ ಮನುಷ್ಯ. ಆ ಪುಟ ತೆರೆದು ಟಿಪ್ಪಣಿ ಓದಿದರು. ಕನ್ನಡಕ ತೆಗೆದರು.

"ಏನಮ್ಮ ಇದು? ಸಂಶೋಧನೆಯಲ್ಲಿ ಹೀಗೆಲ್ಲ ಬರೆಯೋಕಾಗುತ್ತಾ?"

ಅತ್ತೆ ಅದನ್ನೇ ನಾಲ್ಕು ಮಾತಿನಲ್ಲಿ ಹೇಳಿದರು. ಎರಡು ತಟ್ಟೆಯ ವಿಷಯ ಬಂದಾಗ ಮೇಷ್ಟ್ರು ಕೈಯಲ್ಲಿದ್ದ ಕೆಂಪು ಪೆನ್ನನ್ನು ಮೇಜಿನ ಮೇಲಿಟ್ಟರು.

"'ಹೇಳಿರಬೇಕು' ಅಂತ ಬರ್ದಿದೀರಿ. ಹೇಳಿದರು ಅಂತ ಬರೆದಿಲ್ಲ. ಊಹೆ ಅಂತ ನೀವೇ ಒಪ್ಪಿಕೊಂಡಿದೀರಿ. ಅಷ್ಟರಮಟ್ಟಿಗೆ ಸರಿ," ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. ಆಮೇಲೆ, "ಆದ್ರೆ ಟಿಪ್ಪಣಿ ಹೀಗೆ ಹಾಕಬಾರದಮ್ಮ. ಆಧಾರ ಅಂದಮೇಲೆ ಪೂರ್ತಿ ಹೆಸರು, ಊರು ಇರಬೇಕು. ಏನು ಅವರ ಹೆಸರು?"

"ವೆಂಕಟಲಕ್ಷ್ಮಮ್ಮ," ಎಂದರು ಅತ್ತೆ.

ನನಗೆ ಅಜ್ಜಿಯ ಹೆಸರು ಗೊತ್ತಾಗಿದ್ದು ಹಾಗೆ. ಮೇಷ್ಟ್ರು ಜೇಬಿನಿಂದ ನೀಲಿ ಪೆನ್ನು ತೆಗೆದು 'ನಮ್ಮಮ್ಮ' ಎಂಬುದರ ಮುಂದೆ ತಾವೇ ದುಂಡಗೆ ಬರೆದರು: 'ವೆಂಕಟಲಕ್ಷ್ಮಮ್ಮ, ಗೌರಿಬಿದನೂರು.' ಮೂರು ಪ್ರತಿಯಲ್ಲೂ ಬರೆದು, ಸಹಿ ಹಾಕಿದರು.

ಅತ್ತೆ ಎರಡನೇ ದರ್ಜೆಯಲ್ಲಿ ಪಾಸಾದರು. ರಿಸಲ್ಟ್ ಬಂದ ದಿನ ಸಾಬರು ಅಂಗಡಿಯ ಮುಂದೆ ನಿಂತು ಹೋಗಿಬರುವವರಿಗೆಲ್ಲ ಪೇಡ ಹಂಚಿದರು. ಮಾವ ಊರಿಗೆಲ್ಲ ಕೇಳುವ ಹಾಗೆ ಕನ್ನಡ ಮಾತಾಡಿದರು.

ನಾನು ಅಪ್ಪನಿಗೆ ಹೇಳಲಿಲ್ಲ. ಆದರೆ ಒಂದು ಕಾರ್ಬನ್ ಪ್ರತಿ ನಮ್ಮ ಮನೆಯಲ್ಲಿತ್ತು. ಅಕ್ಕನ ಹುಚ್ಚನ್ನು ವರ್ಷವೆಲ್ಲ ಆಡಿಕೊಂಡ ಅಪ್ಪ ಒಂದು ಭಾನುವಾರ ಅದನ್ನು ತೆಗೆದು ಮೊದಲಿನಿಂದ ಓದತೊಡಗಿದರು. ಗುಮಾಸ್ತರ ಓದು. ಒಂದು ಅಡಿಟಿಪ್ಪಣಿಯನ್ನೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚಳಿಗಾಲದ 'ಆ ಪ್ರಾಂತ್ಯ'ಕ್ಕೆ ಬಂದರು. ಪುಟ ತಿರುಗಲಿಲ್ಲ. ಬಹಳ ಹೊತ್ತಾದ ಮೇಲೆ ಎದ್ದು, ಅಂಗಿ ತೊಟ್ಟು, ಆ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ನಾನು ಹಿಂದೆಯೇ ಹೋದೆ.

ಅತ್ತೆ ಅಂಗಳದಲ್ಲಿ ಕೂತು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ತಮ್ಮನ ಕಂಕುಳಲ್ಲಿದ್ದ ಕಟ್ಟನ್ನು ನೋಡಿದರು, ನನ್ನ ಮುಖ ನೋಡಿದರು. ನಾನು ಹೇಳಿಲ್ಲವೆಂದು ತಲೆಯಾಡಿಸಿದೆ. ಅಪ್ಪ ಅಕ್ಕನ ಪಕ್ಕ, ನೆಲದ ಮೇಲೆಯೇ ಕೂತರು. ನಮ್ಮ ಮನೆಯಲ್ಲಿ ಅಜ್ಜಿಯದೊಂದು ಫೋಟೊ ಇರಲಿಲ್ಲ. ಅಜ್ಜಿಯ ಮಾತೂ ಬರುತ್ತಿರಲಿಲ್ಲ. ನಲವತ್ತು ದಾಟಿದ ಅಪ್ಪ ಅಂದು ಮೊದಲ ಸಲ ಕೇಳಿದರು:

"ಅಕ್ಕಾ, ಅಮ್ಮ ನೋಡೋಕೆ ಹೆಂಗಿದ್ಲು?"

ಅತ್ತೆ ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡರು. ತಮ್ಮನನ್ನು ಕಣ್ಣು ಕಿರಿದು ಮಾಡಿ, ಯಾವುದೋ ಹಳೆಯ ಅಕ್ಷರ ಓದುವವರಂತೆ ನೋಡಿದರು.

"ಕುಳ್ಳಗಿದ್ಲು ಕಣೋ. ಬೆಳ್ಳಗಿರ್ಲಿಲ್ಲ. ನಕ್ರೆ ಬಾಯಿಗೆ ಕೈ ಅಡ್ಡ ಇಟ್ಕೊಳ್ಳೋಳು. ಕಿವಿ ಮಾತ್ರ ಹಿಂಗೇ, ನಿನ್ ಥರಾನೇ, ಸ್ವಲ್ಪ ಮುಂದಕ್ಕೆ."

ಅಪ್ಪ ಮೆಲ್ಲಗೆ ಕೈಯೆತ್ತಿ ತಮ್ಮ ಕಿವಿಯನ್ನು ಮುಟ್ಟಿ ನೋಡಿಕೊಂಡರು. ಮೊದಲು ಒಂದು. ಆಮೇಲೆ ಇನ್ನೊಂದು.